ಒಂದು ಕೆಜಿ ತಾಮ್ರವನ್ನೂ ಮಾರದ ಕಂಪನಿಗೆ 300 ಕೋಟಿ ಡಾಲರ್ ಬೆಲೆ ಬಂದದ್ದು ಹೇಗೆ?

2024ರ ಜುಲೈ ಕೊನೆಯಲ್ಲಿ ಆಸ್ಟ್ರೇಲಿಯಾದ ಗಣಿ ಕಂಪನಿ ಬಿಎಚ್‌ಪಿ ಮತ್ತು ಕೆನಡಾದ ಲುಂಡಿನ್ ಮೈನಿಂಗ್ ಸೇರಿ ಫಿಲೋ ಕಾರ್ಪ್ ಎಂಬ ಕೆನಡಾದ ಕಂಪನಿಯನ್ನು ಕೊಳ್ಳುವುದಾಗಿ ಘೋಷಿಸಿದವು. ಷೇರಿಗೆ 33 ಕೆನಡಾ ಡಾಲರ್. ಒಟ್ಟು ಸುಮಾರು 410 ಕೋಟಿ ಕೆನಡಾ ಡಾಲರ್, ಅಂದರೆ 300 ಕೋಟಿ ಅಮೆರಿಕನ್ ಡಾಲರ್. ನಮ್ಮ ದುಡ್ಡಲ್ಲಿ ಹೆಚ್ಚೂ ಕಡಿಮೆ 25,000 ಕೋಟಿ ರೂಪಾಯಿ. 2025ರ ಜನವರಿಯಲ್ಲಿ ವ್ಯವಹಾರ ಮುಗಿಯಿತು.

ಫಿಲೋ ಹತ್ತಿರ ಏನಿತ್ತು? ನಡೆಯುತ್ತಿರುವ ಗಣಿ ಇರಲಿಲ್ಲ. ಅದಿರು ಅರೆಯುವ ಗಿರಣಿ ಇರಲಿಲ್ಲ. ತಾಮ್ರ ಮಾರಿ ಬಂದ ಒಂದು ಪೈಸೆ ಆದಾಯವೂ ಇರಲಿಲ್ಲ. ಇದ್ದದ್ದು ಅರ್ಜೆಂಟೀನಾದ ಸಾನ್ ಹುವಾನ್ ಪ್ರಾಂತ್ಯದಲ್ಲಿ, ಚಿಲಿ ಗಡಿಗೆ ಅಂಟಿಕೊಂಡಂತೆ, ಆಂಡಿಸ್ ಬೆಟ್ಟಗಳ ನೆತ್ತಿಯ ಮೇಲೆ ಕಲ್ಲಿನ ಮಾದರಿ ತೆಗೆಯಲು ಕೊರೆದ ಒಂದಷ್ಟು ಆಳದ ತೂತುಗಳು. ಆ ಜಾಗದ ಹೆಸರು ಫಿಲೋ ದೆಲ್ ಸೋಲ್. ಮೇಲ್ಪದರದ ಆಕ್ಸೈಡ್ ಅದಿರು (ಗಾಳಿ-ನೀರು ತಾಗಿ ಬದಲಾದದ್ದು) ಎಷ್ಟಿದೆ ಅನ್ನುವ ಲೆಕ್ಕ ಮೊದಲೇ ಇತ್ತು, ನಿಜ. ಆದರೆ ಎಲ್ಲರ ಕಣ್ಣಿದ್ದದ್ದು ಅದರ ಕೆಳಗಿನ, ಗಂಧಕದ ಜೊತೆ ಸೇರಿದ ಸಲ್ಫೈಡ್ ಅದಿರಿನ ಮೇಲೆ. ಅದು ಎಷ್ಟು ಟನ್ ಇದೆ ಅನ್ನುವ ಮೊದಲ ಅಧಿಕೃತ ಅಂದಾಜು ಹೊರಬಿದ್ದದ್ದು 2025ರ ಮೇ ತಿಂಗಳಲ್ಲಿ. ದುಡ್ಡು ಎಣಿಸಿಕೊಟ್ಟು ನಾಲ್ಕು ತಿಂಗಳಾದ ಮೇಲೆ!

ಜಗತ್ತಿನ ಅತಿ ದೊಡ್ಡ ಗಣಿ ಕಂಪನಿ ಕಣ್ಣು ಮುಚ್ಚಿಕೊಂಡು ದುಡ್ಡು ಸುರಿಯಿತೇ? ಇಲ್ಲ. ಹಾಗಂತ ಬಿಎಚ್‌ಪಿ ಕೈ ಹಾಕಿದ್ದೆಲ್ಲ ಚಿನ್ನ ಆಗಿದೆ ಅಂತಲೂ ಅಲ್ಲ. ಅದೇ ದಕ್ಷಿಣ ಅಮೆರಿಕದಲ್ಲಿ, ಈಕ್ವೆಡಾರ್ ದೇಶದಲ್ಲಿ, ಸೋಲ್‌ಗೋಲ್ಡ್ ಎಂಬ ಇನ್ನೊಂದು ಕಂಪನಿಯ ಷೇರುಗಳನ್ನೂ ಅದು 2018ರಲ್ಲಿ ಕೊಂಡಿತ್ತು. ಆ ಕಥೆ ಬೇರೆ ಥರ ಮುಗಿಯಿತು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ನೆಲದಡಿ ಎಷ್ಟು ಟನ್ ತಾಮ್ರ ಇದೆ ಅನ್ನುವುದೊಂದೇ ಕಂಪನಿಯ ಬೆಲೆಯನ್ನು ತೀರ್ಮಾನಿಸುವುದಿಲ್ಲ. ಅನುಮಾನ ಎಷ್ಟು ಕರಗಿದೆ, ಇನ್ನೆಷ್ಟು ವರ್ಷ ಕಾಯಬೇಕು, ಆ ಕಾಯುವ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ, ಇವು ಅದಕ್ಕಿಂತ ಜಾಸ್ತಿ ತೂಗುತ್ತವೆ.

ತಾಮ್ರಕ್ಕೆ ಈಗ ಯಾಕಿಷ್ಟು ಬೇಡಿಕೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. 2016ರ ಆರಂಭದಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ತಾಮ್ರ ಟನ್‌ಗೆ 4,500 ಡಾಲರ್‌ಗಿಂತ ಕೆಳಗಿತ್ತು. 2021ರ ಮೇ ತಿಂಗಳಲ್ಲಿ 10,000 ದಾಟಿತು. 2026ರ ಜನವರಿಯಲ್ಲಿ 13,000 ದಾಟಿತು. ಎಲೆಕ್ಟ್ರಿಕ್ ಕಾರು, ವಿದ್ಯುತ್ ಜಾಲ, ಡೇಟಾ ಸೆಂಟರ್ ಎಲ್ಲಕ್ಕೂ ತಾಮ್ರ ಬೇಕು. ಇತ್ತ ಇರುವ ಗಣಿಗಳು ಒಂದೊಂದಾಗಿ ತೊಂದರೆಗೆ ಸಿಕ್ಕಿಕೊಳ್ಳುತ್ತಿವೆ. 2025ರ ಮೇನಲ್ಲಿ ಕಾಂಗೋದ ಕಮೋವಾ-ಕಕುಲಾ ಗಣಿಯಲ್ಲಿ ನೆಲ ನಡುಗಿತು. ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಗಣಿಯೊಳಗೆ ಕೆಸರು ನುಗ್ಗಿ ಕಾರ್ಮಿಕರು ಸತ್ತರು, ಕೆಲಸ ನಿಂತಿತು. ಹೊಸ ಗಣಿ ಹುಡುಕೋಣ ಅಂದರೆ ಸಿಗುತ್ತಿಲ್ಲ. ಎಸ್ ಅಂಡ್ ಪಿ ಸಂಸ್ಥೆಯ ಪಟ್ಟಿಯ ಪ್ರಕಾರ 1990ರಿಂದ 2023ರವರೆಗೆ ಜಗತ್ತಿನಲ್ಲಿ ಸಿಕ್ಕ ದೊಡ್ಡ ತಾಮ್ರ ನಿಕ್ಷೇಪಗಳು 239. ಅವುಗಳಲ್ಲಿ ಕೊನೆಯ ಹತ್ತು ವರ್ಷದಲ್ಲಿ ಸಿಕ್ಕಿದ್ದು 14 ಮಾತ್ರ. ಹಾಗಾಗಿ ಎಲ್ಲೋ ಒಂದು ಕಡೆ ನಿಜವಾಗಿಯೂ ದೊಡ್ಡದು ಸಿಕ್ಕಿದೆ ಅಂತ ಗೊತ್ತಾದರೆ ದೊಡ್ಡ ಕಂಪನಿಗಳು ಕಾದು ಕೂರುವುದಿಲ್ಲ.

41ನೇ ತೂತು

ಫಿಲೋ ಹಣೆಬರಹ ಬದಲಿಸಿದ್ದು 2021ರ ಮೇ ತಿಂಗಳಲ್ಲಿ ಪ್ರಕಟವಾದ ಒಂದೇ ಒಂದು ತೂತಿನ ಫಲಿತಾಂಶ. ಅದರ ಸಂಖ್ಯೆ 41. ಪ್ರಕಟಣೆಯ ಸಾಲು ಹೀಗಿತ್ತು: 858 ಮೀಟರ್ ಉದ್ದಕ್ಕೆ 1.80% ತಾಮ್ರ-ಸಮಾನ. ಅದರೊಳಗೆ 163 ಮೀಟರ್ ಉದ್ದಕ್ಕೆ 5.43% ತಾಮ್ರ-ಸಮಾನ. ಈ ಸುದ್ದಿ ಬಂದ ಕೆಲವೇ ವಾರಗಳಲ್ಲಿ ಷೇರು ಬೆಲೆ ದುಪ್ಪಟ್ಟನ್ನೂ ದಾಟಿತು.

ಇಂಥ ಸಾಲು ಕಂಡ ತಕ್ಷಣ ಎರಡು ಲೆಕ್ಕ ಮಾಡಬೇಕು. ಕಾಗದ, ಪೆನ್ನು ಸಾಕು.

ಮೊದಲನೆಯದು, ಆ 163 ಮೀಟರನ್ನು ತೆಗೆದುಹಾಕಿದರೆ ಉಳಿದದ್ದರಲ್ಲಿ ಏನಿದೆ? 858ನ್ನು 1.80ರಿಂದ ಗುಣಿಸಿದರೆ ಸುಮಾರು 1,544. 163ನ್ನು 5.43ರಿಂದ ಗುಣಿಸಿದರೆ 885. ಕಳೆದರೆ 659. ಅದನ್ನು ಉಳಿದ 695 ಮೀಟರ್‌ಗೆ ಹಂಚಿದರೆ 0.95%. ಅಂದರೆ ಶ್ರೀಮಂತ ತುಂಡನ್ನು ಪೂರ್ತಿ ಮರೆತುಬಿಟ್ಟರೂ 1% ಹತ್ತಿರ ನಿಲ್ಲುತ್ತದೆ. ಇದು ತುಂಬಾ ಒಳ್ಳೆಯ ಲಕ್ಷಣ. ಎಷ್ಟೋ ಸಣ್ಣ ಕಂಪನಿಗಳ ಪ್ರಕಟಣೆಯಲ್ಲಿ ಹೀಗೆ ಕಳೆದು ನೋಡಿದರೆ ಉಳಿಯುವುದು ಬರೀ ಕಲ್ಲು. ಐದು ಮೀಟರ್ ಒಳ್ಳೆಯ ಅದಿರನ್ನು ಇನ್ನೂರು ಮೀಟರ್ ಉದ್ದಕ್ಕೆ ಸವರಿ ತೋರಿಸಿರುತ್ತಾರೆ.

ಎರಡನೆಯದು, 'ಸಮಾನ' ಅನ್ನುವ ಮಾತಿನ ಹಿಂದೆ ಏನಿದೆ? ಆ 858 ಮೀಟರ್‌ನಲ್ಲಿ ನಿಜವಾದ ತಾಮ್ರ 0.86%. ಅರ್ಧಕ್ಕಿಂತ ಕಡಿಮೆ! ಉಳಿದದ್ದು ಟನ್‌ಗೆ 0.70 ಗ್ರಾಂ ಚಿನ್ನ ಮತ್ತು 48.1 ಗ್ರಾಂ ಬೆಳ್ಳಿ. ಚಿನ್ನ-ಬೆಳ್ಳಿಯ ಬೆಲೆಯನ್ನು ತಾಮ್ರಕ್ಕೆ ಪರಿವರ್ತಿಸಿ ಕೂಡಿಸಿದ್ದಾರೆ. ಮೋಸ ಏನಿಲ್ಲ, ಎಲ್ಲವೂ ಪ್ರಕಟಣೆಯಲ್ಲೇ ಇತ್ತು. ಆದರೆ ಯಾವ ಬೆಲೆ ಹಿಡಿದು ಕೂಡಿಸಿದ್ದಾರೆ, ಅರೆದು ಬೇರ್ಪಡಿಸುವಾಗ ಎಷ್ಟು ಕೈಗೆ ಸಿಗುತ್ತದೆ ಅಂತ ಊಹಿಸಿದ್ದಾರೆ ಅನ್ನುವುದರ ಮೇಲೆ ಈ ಸಂಖ್ಯೆ ಉಬ್ಬುತ್ತದೆ, ಕುಗ್ಗುತ್ತದೆ. ಬರೀ 'ಸಮಾನ' ನೋಡಿ ದುಡ್ಡು ಹಾಕುವವರಿಗೆ ತಾವು ಕೊಳ್ಳುತ್ತಿರುವುದು ಅರ್ಧ ಚಿನ್ನ-ಬೆಳ್ಳಿಯ ಕಂಪನಿ ಅಂತಲೇ ಗೊತ್ತಿರುವುದಿಲ್ಲ.

ಈ 0.86% ಅಂದರೆ ಎಷ್ಟು? ಒಂದು ಟನ್ ಕಲ್ಲು ಅರೆದರೆ ಅದರಲ್ಲಿ 8.6 ಕೆಜಿ ತಾಮ್ರ. ಕೆಜಿಗೆ 10 ಡಾಲರ್ ಹಿಡಿದರೆ 86 ಡಾಲರ್. ಇವತ್ತು ನಡೆಯುತ್ತಿರುವ ಎಷ್ಟೋ ದೊಡ್ಡ ತೆರೆದ ಗಣಿಗಳು 0.5% ಆಸುಪಾಸಿನ ಅದಿರಿನಲ್ಲೇ ಲಾಭ ಮಾಡುತ್ತಿವೆ. ಹಾಗಾಗಿ ಆ ತೂತಿನ ಸುದ್ದಿಗೆ ಮಾರುಕಟ್ಟೆ ಹಾರಿ ಕುಳಿತದ್ದು ಸುಮ್ನೆ ಅಲ್ಲ.

ಆದರೆ ಒಂದು ತೂತು ಅಂದರೆ ಒಂದು ತೂತು ಅಷ್ಟೇ. ನಮ್ಮ ಬಯಲುಸೀಮೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಕ್ಕದ ಹೊಲದ ಬೋರ್‌ನಲ್ಲಿ ಮೂರಿಂಚು ನೀರು ಚಿಮ್ಮಿದೆ ಅಂತ ನಮ್ಮ ಹೊಲದಲ್ಲಿ ಕೊರೆಸಿದರೆ ಬರೀ ದೂಳು ಬರಬಹುದು. ಅದಕ್ಕೇ ಗಣಿಯಲ್ಲಿ ತೂತುಗಳನ್ನು ಹತ್ತಿರ ಹತ್ತಿರ ಕೊರೆಯುತ್ತಾ ಹೋಗುತ್ತಾರೆ. ದೂರ ದೂರ ಇದ್ದರೆ ಆ ಅದಿರು 'ಊಹೆಯ' ದರ್ಜೆಗೆ ಸೇರುತ್ತದೆ. ಹತ್ತಿರವಾದಷ್ಟೂ 'ಸೂಚಿತ', ಆಮೇಲೆ 'ಅಳೆದದ್ದು' ಅಂತ ದರ್ಜೆ ಏರುತ್ತದೆ. ಕೆನಡಾದಲ್ಲಿ ಈ ನಿಯಮಗಳು ಇಷ್ಟು ಬಿಗಿಯಾಗಿದ್ದಕ್ಕೆ ಕಾರಣ 1997ರ ಬ್ರೆ-ಎಕ್ಸ್ ಹಗರಣ. ಇಂಡೋನೇಷ್ಯಾದ ಕಾಡಿನ ಕಲ್ಲಿನ ಮಾದರಿಗಳಿಗೆ ಹೊರಗಿನಿಂದ ಚಿನ್ನದ ಪುಡಿ ಬೆರೆಸಿ ಸಾವಿರಾರು ಜನರಿಗೆ ಟೋಪಿ ಹಾಕಿದ್ದರು.

ಕೊನೆಗೂ 2025ರ ಮೇನಲ್ಲಿ ಬಂದ ಲೆಕ್ಕದಲ್ಲಿ ಫಿಲೋ ದೆಲ್ ಸೋಲ್ ಮತ್ತು ಅದರ ಪಕ್ಕದ ಹೋಸೆಮಾರಿಯಾ ನಿಕ್ಷೇಪ ಎರಡೂ ಸೇರಿ ಅಳೆದ ಮತ್ತು ಸೂಚಿತ ದರ್ಜೆಯಲ್ಲಿ 1.3 ಕೋಟಿ ಟನ್ ತಾಮ್ರ, ಊಹೆಯ ದರ್ಜೆಯಲ್ಲಿ ಇನ್ನೂ 2.5 ಕೋಟಿ ಟನ್. ಗಮನಿಸಿ, ಮೂರರಲ್ಲಿ ಎರಡು ಪಾಲು ಇನ್ನೂ ಊಹೆಯೇ.

ಟನ್‌ಗೆ 115 ಡಾಲರ್

ಈಗ ಬೆಲೆಯ ಲೆಕ್ಕಕ್ಕೆ ಬರೋಣ. ಫಿಲೋಗೆ ಕೊಟ್ಟದ್ದು ಸುಮಾರು 300 ಕೋಟಿ ಡಾಲರ್. ಹೋಸೆಮಾರಿಯಾ ಮೊದಲೇ ಲುಂಡಿನ್ ಮೈನಿಂಗ್ ಕೈಯಲ್ಲಿತ್ತು. ಅದರ ಅರ್ಧ ಪಾಲಿಗೆ ಬಿಎಚ್‌ಪಿ 69 ಕೋಟಿ ಡಾಲರ್ ಕೊಟ್ಟಿತು. ಅಂದರೆ ಪೂರ್ತಿ ಹೋಸೆಮಾರಿಯಾ ಬೆಲೆ 138 ಕೋಟಿ. ಎರಡೂ ಸೇರಿ 440 ಕೋಟಿ ಡಾಲರ್ ಆಸುಪಾಸು. ಅದನ್ನು 3.8 ಕೋಟಿ ಟನ್‌ಗೆ ಹಂಚಿದರೆ ನೆಲದಡಿಯ ಒಂದು ಟನ್ ತಾಮ್ರಕ್ಕೆ ಬಿದ್ದ ಬೆಲೆ 115 ಡಾಲರ್ ಅಷ್ಟೇ. ಚಿನ್ನ-ಬೆಳ್ಳಿಯನ್ನು ನಾನಿಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ಅದೇ ಹೊತ್ತಿಗೆ ಮಾರುಕಟ್ಟೆಯಲ್ಲಿ ತಾಮ್ರ ಟನ್‌ಗೆ 9,000 ಡಾಲರ್ ಇತ್ತು. ನೂರಕ್ಕೆ ಒಂದೂ ಕಾಲು ರೂಪಾಯಿ ಕೊಟ್ಟ ಹಾಗೆ.

ಯಾಕಿಷ್ಟು ಅಗ್ಗ? ಅಗೆಯುವ, ಅರೆಯುವ, ಸಾಗಿಸುವ ಖರ್ಚು, ಸರ್ಕಾರದ ತೆರಿಗೆ, ರಾಯಲ್ಟಿ ಎಲ್ಲ ಇದ್ದೇ ಇದೆ. ಆದರೆ ನಿಜವಾಗಿ ಬೆಲೆಯನ್ನು ನುಂಗುವುದು ಕಾಲ. ತಾಮ್ರ ಸಿಕ್ಕ ದಿನದಿಂದ ಮೊದಲ ಲೋಡ್ ಹೊರಡುವವರೆಗೆ ಜಾಗತಿಕ ಸರಾಸರಿ 16-17 ವರ್ಷ ಹಿಡಿಯುತ್ತದೆ. ಹದಿನೇಳು ವರ್ಷದ ಮೇಲೆ ಕೈಗೆ ಬರುವ 100 ರೂಪಾಯಿಗೆ, ವರ್ಷಕ್ಕೆ 8% ಬಡ್ಡಿ ಹಿಡಿದರೆ, ಇವತ್ತಿನ ಬೆಲೆ 27 ರೂಪಾಯಿ. ದೇಶ ಅಷ್ಟು ನಂಬಿಕೆಯದ್ದಲ್ಲ ಅಂತ 12% ಹಿಡಿದರೆ ಬರೀ 14 ರೂಪಾಯಿ ಚಿಲ್ಲರೆ. ಕಲ್ಲು ಅದೇ, ತಾಮ್ರ ಅದೇ. ನಂಬಿಕೆ ನಾಲ್ಕು ಅಂಕ ಕುಸಿದದ್ದಕ್ಕೆ ಬೆಲೆ ಅರ್ಧ ಮಾಯ.

ಈ ಕಾರಣಕ್ಕೇ ತಾರೀಖುಗಳನ್ನು ಗಮನಿಸಬೇಕು. ಅರ್ಜೆಂಟೀನಾದ ಹೊಸ ಹೂಡಿಕೆ ಕಾನೂನು ಜಾರಿಗೆ ಬಂದದ್ದು 2024ರ ಜುಲೈ ಮೊದಲ ಭಾಗದಲ್ಲಿ. ದೊಡ್ಡ ಯೋಜನೆಗಳಿಗೆ 30 ವರ್ಷ ತೆರಿಗೆ ನಿಯಮ ಬದಲಾಯಿಸುವುದಿಲ್ಲ, ಕಂಪನಿ ತೆರಿಗೆ 35%ರ ಬದಲು 25% ಅಂತ ಅದು ಹೇಳಿತು. ಫಿಲೋ ಖರೀದಿಯ ಘೋಷಣೆ ಆದದ್ದು ಅದೇ ತಿಂಗಳ ಕೊನೆಯಲ್ಲಿ. ಅದೊಂದರಿಂದಲೇ ಖರೀದಿ ನಡೆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ಕಾನೂನು ಇಲ್ಲದಿದ್ದರೆ ಷೇರಿಗೆ 33 ಕೆನಡಾ ಡಾಲರ್ ಸಿಗುತ್ತಿತ್ತೇ ಅನ್ನುವುದು ಅನುಮಾನ.

ಸೋಲ್‌ಗೋಲ್ಡ್ ಕಥೆ

ಉತ್ತರ ಈಕ್ವೆಡಾರ್‌ನ ಇಂಬಾಬುರಾ ಪ್ರಾಂತ್ಯದ ಕಾಸ್ಕಬೆಲ್‌ನಲ್ಲಿ ಸೋಲ್‌ಗೋಲ್ಡ್ 2014ರಲ್ಲಿ ಕೊರೆದ 5ನೇ ತೂತು 1,306 ಮೀಟರ್ ಉದ್ದಕ್ಕೆ 0.62% ತಾಮ್ರ, ಟನ್‌ಗೆ 0.54 ಗ್ರಾಂ ಚಿನ್ನ ತೋರಿಸಿತು. ಫಿಲೋದ 41ನೇ ತೂತಿಗಿಂತ ಉದ್ದದಲ್ಲಿ ಒಂದೂವರೆ ಪಟ್ಟು. ದೊಡ್ಡ ಕಂಪನಿಗಳು ಸಾಲುಗಟ್ಟಿದವು. ಆಸ್ಟ್ರೇಲಿಯಾದ ಚಿನ್ನದ ಗಣಿ ಕಂಪನಿ ನ್ಯೂಕ್ರೆಸ್ಟ್ 2016ರಲ್ಲಿ ಷೇರು ಕೊಂಡಿತು. ಬಿಎಚ್‌ಪಿ 2018ರ ಅಕ್ಟೋಬರ್‌ನಲ್ಲಿ 10 ಕೋಟಿ ಷೇರುಗಳನ್ನು (100 ಪೆನ್ಸ್ ಅಂದರೆ ಒಂದು ಪೌಂಡ್) ತಲಾ 45 ಪೆನ್ಸ್‌ನಂತೆ ಕೊಂಡಿತು.

ಆಮೇಲೆ ತಾಮ್ರ ಕಡಿಮೆ ಆಯಿತೇ? ಇಲ್ಲ, ಜಾಸ್ತಿ ಆಯಿತು. 2018ರ ಜನವರಿಯ ಲೆಕ್ಕದಲ್ಲಿ 100 ಕೋಟಿ ಟನ್ ಚಿಲ್ಲರೆ ಇದ್ದ ಅದಿರು ಮುಂದೆ 300 ಕೋಟಿ ಟನ್ ದಾಟಿತು. ಲೋಹದ ಬೆಲೆಯೂ ಏರಿತು. ಆದರೂ ಷೇರು 10 ಪೆನ್ಸ್‌ಗಿಂತ ಕೆಳಗೆ ಹೋಯಿತು. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಚೀನಾದ ಜಿಯಾಂಗ್ಶಿ ಕಾಪರ್ ಷೇರಿಗೆ 28 ಪೆನ್ಸ್ ಕೊಡುವುದಾಗಿ ಮುಂದೆ ಬಂತು.

ಇಲ್ಲೊಂದು ಲೆಕ್ಕ ನೋಡಿ. 2018ರಲ್ಲಿ ಸುಮಾರು 180 ಕೋಟಿ ಷೇರುಗಳಿದ್ದವು. 45 ಪೆನ್ಸ್‌ನಂತೆ ಕಂಪನಿಯ ಬೆಲೆ 81 ಕೋಟಿ ಪೌಂಡ್. 2025ರಲ್ಲಿ ಷೇರುಗಳು ಸುಮಾರು 310 ಕೋಟಿ. 28 ಪೆನ್ಸ್‌ನಂತೆ ಕಂಪನಿಗೆ ಬಂದ ಬೆಲೆ ಸುಮಾರು 87 ಕೋಟಿ ಪೌಂಡ್. ಅಂದರೆ ಕೊನೆಯ ಲೆಕ್ಕದಲ್ಲಿ ಕಂಪನಿ ಅಗ್ಗ ಆಗಿರಲಿಲ್ಲ! ಅಗ್ಗ ಆದದ್ದು ಷೇರು. ಕೊರೆಯುವುದಕ್ಕೆ, ಅಧ್ಯಯನಕ್ಕೆ, ಸಂಬಳಕ್ಕೆ ದುಡ್ಡು ಬೇಕಾದಾಗಲೆಲ್ಲ ಹೊಸ ಷೇರು ಹೊರಡಿಸಿದರು. ಅದರಲ್ಲಿ ಒಂದು ಭಾಗ ಕಾಸ್ಕಬೆಲ್‌ನಲ್ಲಿ 15% ಪಾಲು ಹೊಂದಿದ್ದ ಕಾರ್ನರ್‌ಸ್ಟೋನ್ ಕಂಪನಿಯನ್ನು ಸೇರಿಸಿಕೊಳ್ಳಲು ಹೋಯಿತು, ಅದು ನ್ಯಾಯವೇ. ಉಳಿದದ್ದು ಬರೀ ಕಾಯುವುದರ ಬೆಲೆ. ಹಳೆಯ ಷೇರುದಾರರ ಪಾಲು ವರ್ಷದಿಂದ ವರ್ಷಕ್ಕೆ ಕರಗುತ್ತಾ ಹೋಯಿತು. ಫಿಲೋಗೆ ಈ ಗತಿ ಬರಲಿಲ್ಲ. ಅದು 2022ರಲ್ಲಿ ಬಿಎಚ್‌ಪಿಗೆ ಷೇರು ಮಾರಿದ್ದು 15.95 ಕೆನಡಾ ಡಾಲರ್‌ಗೆ. ಬೆಲೆ ಏರಿದಾಗ ಮಾರಿದರೆ ಸ್ವಲ್ಪ ಷೇರಿಗೇ ಜಾಸ್ತಿ ದುಡ್ಡು.

ಎರಡೂ ಕಡೆ ಕಲ್ಲು ಒಳ್ಳೆಯದೇ. ವ್ಯತ್ಯಾಸ ಎಲ್ಲಿ? ಮೊದಲನೆಯದಾಗಿ ಆಳ. ಕಾಸ್ಕಬೆಲ್‌ನ ಅಲ್ಪಾಲಾ ನಿಕ್ಷೇಪದ ಒಳ್ಳೆಯ ಅದಿರು ತುಂಬಾ ಕೆಳಗಿದೆ. ಅದರ ಅಡಿಗೆ ಸುರಂಗ ತೋಡಿ ಮೇಲಿನ ಕಲ್ಲು ತಾನಾಗಿ ಕುಸಿದು ಬೀಳುವಂತೆ ಮಾಡುವ ವಿಧಾನವೇ ಗತಿ. ಮೊದಲ ಟನ್ ಅದಿರು ಬರುವ ಮೊದಲೇ ವರ್ಷಗಟ್ಟಲೆ ಸುರಂಗಕ್ಕೆ ದುಡ್ಡು ಸುರಿಯಬೇಕು. 2022ರ ಅಧ್ಯಯನ ಆರಂಭದ ಖರ್ಚು 270 ಕೋಟಿ ಡಾಲರ್ ಅಂದಿತು. 2024ರಲ್ಲಿ ಯೋಜನೆಯನ್ನು ಚಿಕ್ಕದು ಮಾಡಿ 155 ಕೋಟಿಗೆ ಇಳಿಸಿದರು. ಕಂಪನಿಯ ಬೆಲೆಗಿಂತ ಗಣಿಯ ಖರ್ಚೇ ಜಾಸ್ತಿ ಇದ್ದಾಗ ಮಾರುಕಟ್ಟೆ ಮುಖ ತಿರುಗಿಸುತ್ತದೆ.

ಇನ್ನೊಂದು, ಪಕ್ಕದ ಮನೆಯವರು ಯಾರು? ಫಿಲೋ ಪಕ್ಕದಲ್ಲೇ ಹೋಸೆಮಾರಿಯಾ ಇತ್ತು. ಅದರ ಒಡೆಯ ಲುಂಡಿನ್ ಮೈನಿಂಗ್. ಫಿಲೋ ಕೂಡ ಅದೇ ಲುಂಡಿನ್ ಕುಟುಂಬದ ಗುಂಪಿನಿಂದ ಬಂದ ಕಂಪನಿ. ಒಂದೇ ರಸ್ತೆ, ಒಂದೇ ವಿದ್ಯುತ್ ಮಾರ್ಗ, ಒಂದೇ ನೀರಿನ ಪೈಪು ಎರಡಕ್ಕೂ ಸಾಕು. ಕಾಸ್ಕಬೆಲ್ ಒಂಟಿ. ಜೊತೆಗೆ ಅದೇ ಇಂಬಾಬುರಾದ ಇಂತಾಗ್ ಕಣಿವೆಯ ಜನ ವರ್ಷಗಟ್ಟಲೆ ಹೋರಾಡಿ, ಯುರಿಮಾಗುವಾ ಎಂಬ ಇನ್ನೊಂದು ತಾಮ್ರ ಯೋಜನೆಯ ಪರಿಸರ ಪರವಾನಗಿಯನ್ನು 2023ರಲ್ಲಿ ಕೋರ್ಟಿನಲ್ಲಿ ರದ್ದು ಮಾಡಿಸಿದರು. ಅವರ ಕಾಡು, ಅವರ ನೀರು, ಅವರ ಹಕ್ಕು. ಆದರೆ ಹೂಡಿಕೆದಾರ ಅದನ್ನು ಓದಿ ತನ್ನ ಲೆಕ್ಕದ ಹಾಳೆಯಲ್ಲಿ 8ನ್ನು ಅಳಿಸಿ 12 ಬರೆಯುತ್ತಾನೆ.

ಗಣಿಯವರ ನಡುವೆ ಇದಕ್ಕೊಂದು ಗೆರೆ ಚಿತ್ರವೇ ಇದೆ, ಗಣಿಗಳಿಗೆ ದುಡ್ಡು ಕೊಟ್ಟು ಪಾಲು ಪಡೆಯುವ ಫ್ರಾಂಕೋ-ನೆವಾಡಾ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಪಿಯರ್ ಲಸೋಂಡ್ ಬರೆದದ್ದು. ಲೋಹ ಸಿಕ್ಕಾಗ ಷೇರು ನೆತ್ತಿಗೇರುತ್ತದೆ, ಅಧ್ಯಯನ-ಪರವಾನಗಿಯ ವರ್ಷಗಳಲ್ಲಿ ಹಳ್ಳಕ್ಕಿಳಿಯುತ್ತದೆ, ಗಣಿ ಕಟ್ಟುವಾಗ ಮತ್ತೆ ಏರುತ್ತದೆ. ಸೋಲ್‌ಗೋಲ್ಡ್ ಆ ಹಳ್ಳದಲ್ಲಿ ಏಳು ವರ್ಷ ಕಳೆಯಿತು. ಫಿಲೋ ನೆತ್ತಿಯಲ್ಲಿ ಇದ್ದಾಗಲೇ ಮಾರಾಟವಾಗಿ ಹಳ್ಳವನ್ನು ಕೊಂಡವರಿಗೆ ದಾಟಿಸಿತು. ಮುಂದಿನ ಕಾಯುವ ಖರ್ಚು ಈಗ ಬಿಎಚ್‌ಪಿ, ಲುಂಡಿನ್ ತಲೆ ಮೇಲೆ. ಅವರಿಗೆ ಬೇರೆ ಗಣಿಗಳಿಂದ ದುಡ್ಡು ಬರುತ್ತಿದೆ, ಕಾಯಬಲ್ಲರು.

ಗಣಿ ಕಟ್ಟಿ ಮುಗಿಸಿದರೂ ನೆಮ್ಮದಿ ಅಂತಲ್ಲ. ಪನಾಮಾದಲ್ಲಿ ಫಸ್ಟ್ ಕ್ವಾಂಟಮ್ ಕಂಪನಿಯ ಕೋಬ್ರೆ ಪನಾಮಾ ಗಣಿ ಜಗತ್ತಿನ ತಾಮ್ರದಲ್ಲಿ ಸುಮಾರು 1% ಕೊಡುತ್ತಿತ್ತು. 2023ರಲ್ಲಿ ಜನ ಬೀದಿಗಿಳಿದರು. ನವೆಂಬರ್ 28ರಂದು ಅಲ್ಲಿನ ಸುಪ್ರೀಂ ಕೋರ್ಟ್ ಗಣಿ ಒಪ್ಪಂದವೇ ಸಂವಿಧಾನಬಾಹಿರ ಅಂದಿತು. ಆ ಗಲಾಟೆಯ ವಾರಗಳಲ್ಲಿ ಕಂಪನಿಯ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಒಂದು ಟನ್ ಅದಿರೂ ಕಡಿಮೆಯಾಗಿರಲಿಲ್ಲ.

ನಮ್ಮಲ್ಲಿ ಫಿಲೋ ಯಾಕಿಲ್ಲ?

ಇಲ್ಲಿ ತಾಮ್ರದ ಮಾತು ಬಂದರೆ ಎಲ್ಲರ ಬಾಯಲ್ಲೂ ಹಿಂದೂಸ್ತಾನ್ ಕಾಪರ್. ಆದರೆ ಅದು ಈ ಜಾತಿಯ ಷೇರೇ ಅಲ್ಲ. ಮಧ್ಯಪ್ರದೇಶದ ಮಲಾಂಜಖಂಡ್, ರಾಜಸ್ಥಾನದ ಖೇತ್ರಿ, ಜಾರ್ಖಂಡ್‌ನ ಸಿಂಗ್‌ಭೂಮ್ ಇವೆಲ್ಲ ಹಳೆಯ, ಗೊತ್ತಿರುವ ಗಣಿಗಳು. ವರ್ಷಕ್ಕೆ 35 ಲಕ್ಷ ಟನ್ ಹತ್ತಿರ ಇರುವ ಅದಿರನ್ನು 1.22 ಕೋಟಿ ಟನ್‌ಗೆ ಏರಿಸುವುದು ಅದರ ಯೋಜನೆ. ಅಲ್ಲಿ ಕೇಳಬೇಕಾದ ಪ್ರಶ್ನೆ 'ತಾಮ್ರ ಇದೆಯಾ' ಅಂತಲ್ಲ, 'ಹೇಳಿದ ಹೊತ್ತಿಗೆ ಅಗೆಯುತ್ತಾರಾ' ಅಂತ. ಲಂಡನ್ ಬೆಲೆ ಏರಿದ ದಿನ ಈ ಷೇರೂ ಏರುವುದನ್ನು ನೋಡಿ 'ಹೊಸ ನಿಕ್ಷೇಪ ಸಿಕ್ಕಿರಬೇಕು' ಅನ್ನುವವರು ವಾಟ್ಸಾಪ್ ಗುಂಪುಗಳಲ್ಲಿ ಕಮ್ಮಿ ಇಲ್ಲ.

ಕರ್ನಾಟಕದಲ್ಲೂ ತಾಮ್ರ ಅಗೆದಿದ್ದೇವೆ. ಚಿತ್ರದುರ್ಗ ಪಕ್ಕದ ಇಂಗಳದಾಳ್, ಹಾಸನ ಜಿಲ್ಲೆಯ ಕಲ್ಯಾಡಿ. ಎರಡನ್ನೂ ನಡೆಸಿದ್ದು ಹಟ್ಟಿ ಚಿನ್ನದ ಗಣಿ ಕಂಪನಿ, ಎರಡೂ ನಿಂತು ಬಹಳ ಕಾಲ ಆಯಿತು. ಆ ಜಾಗಗಳಲ್ಲಿ ಇನ್ನಷ್ಟು ಆಳಕ್ಕೆ ಯಾರಾದರೂ ಕೊರೆದು ನೋಡಬಾರದೇ ಅನ್ನಬಹುದು. ಕೊರೆಯುವುದಕ್ಕೆ ದುಡ್ಡು ಹಾಕುವವನು ಕೇಳುವ ಮೊದಲ ಪ್ರಶ್ನೆ ಬೇರೆ: ಸಿಕ್ಕರೆ ಅದು ನನ್ನದಾ?

ಕೆನಡಾ, ಅರ್ಜೆಂಟೀನಾದಲ್ಲಿ ಹುಡುಕಿದವನಿಗೇ ಗಣಿಯ ಹಕ್ಕು ಬರುವ ದಾರಿ ಇದೆ. ಹಾಗಾಗಿ 41ನೇ ತೂತಿನ ಸುದ್ದಿ ನೇರವಾಗಿ ಫಿಲೋ ಷೇರಿಗೆ ಇಳಿಯಿತು. ನಮ್ಮಲ್ಲಿ ಗಣಿ ಕಾನೂನಿನ 2015ರ ತಿದ್ದುಪಡಿಯ ಮೇಲೆ ಗಣಿ ಗುತ್ತಿಗೆ ಹರಾಜಿನಲ್ಲೇ. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಚಿನ್ನ ಹುಡುಕಿದ ಡೆಕ್ಕನ್ ಗೋಲ್ಡ್ ಮೈನ್ಸ್ ಗುಂಪು ಗುತ್ತಿಗೆಗಾಗಿ ವರ್ಷಗಟ್ಟಲೆ ಕಚೇರಿ, ಕೋರ್ಟು ಅಂತ ಅಲೆದದ್ದನ್ನು ಈ ಕ್ಷೇತ್ರದವರು ಮರೆತಿಲ್ಲ.

2023ರ ತಿದ್ದುಪಡಿ ಇದನ್ನು ಸ್ವಲ್ಪ ಸರಿ ಮಾಡಲು ನೋಡಿದೆ. ತಾಮ್ರ, ಚಿನ್ನ ಸೇರಿ 29 ಖನಿಜಗಳಿಗೆ ಪರಿಶೋಧನಾ ಪರವಾನಗಿ ಅನ್ನುವ ಹೊಸ ದಾರಿ ತೆರೆಯಿತು. 2025ರ ಮಾರ್ಚ್‌ನಲ್ಲಿ ಮೊದಲ 13 ಬ್ಲಾಕ್‌ಗಳ ಹರಾಜು ಶುರುವಾಯಿತು. ಆದರೆ ಇಲ್ಲೂ ಹುಡುಕಿದವನಿಗೆ ಗಣಿ ಸಿಗುವುದಿಲ್ಲ. ಅವನು ಹುಡುಕಿ ವರದಿ ಕೊಡಬೇಕು. ರಾಜ್ಯ ಸರ್ಕಾರ ಆ ಜಾಗವನ್ನು ಗಣಿ ಗುತ್ತಿಗೆಗೆ ಹರಾಜು ಹಾಕಬೇಕು. ಗೆದ್ದವನು ಸರ್ಕಾರಕ್ಕೆ ಕಟ್ಟುವ ಪ್ರೀಮಿಯಂನಲ್ಲಿ ಒಂದು ಪಾಲು ಹುಡುಕಿದವನಿಗೆ. ಆ ಪ್ರೀಮಿಯಂ ಶುರುವಾಗುವುದು ಗಣಿ ನಡೆದ ಮೇಲೆ. ಮೇಲಿನ ಬಡ್ಡಿ ಲೆಕ್ಕವನ್ನು ಇದಕ್ಕೂ ಹಚ್ಚಿ ನೋಡಿ. ನೂರು ರೂಪಾಯಿಯ ಒಂದು ಪಾಲು, ಅದೂ ಹದಿನೈದಿಪ್ಪತ್ತು ವರ್ಷದ ಮೇಲೆ, ಇನ್ನೊಬ್ಬ ಗಣಿ ಕಟ್ಟಿ ಮುಗಿಸಿದರೆ. ನಡುವೆ ಕಂಪನಿಯನ್ನೇ ಮಾರಿ ಹೊರಬರೋಣ ಅಂದರೆ ಕೊಳ್ಳುವವನ ಕೈಗೆ ಬರುವುದು ಗಣಿ ಅಲ್ಲ, ಆ ಪಾಲಿನ ಚೀಟಿ. ಇದಕ್ಕೆ 41ನೇ ತೂತು ಕೊರೆಯುವಷ್ಟು ದುಡ್ಡು ಹಾಕುವ ಖಾಸಗಿ ಹೂಡಿಕೆದಾರರು ಸಿಗುವುದು ಕಷ್ಟ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೇ ತೆರಿಗೆ ದುಡ್ಡಿನಲ್ಲಿ ಕೊರೆಯುವುದನ್ನು ಮುಂದುವರಿಸಬೇಕಾಗುತ್ತದೆ.